ಟೇಲೆಂಡಿನ ಬೀಗರು

ಹೋದ ಶುಕ್ರವಾರ ದೇವಾಪುರದ ಹಿರಿಯರೊಬ್ಬರು ನನಗೆ ಹೆಣ್ಣು ಕೊಡುವುದಿಲ್ಲ ಅಂದುಬಿಟ್ಟರು. ನನಗೆ ಐವತ್ಮೂರು ವರ್ಷ, ಹೆಂಡತಿ ಇದ್ದಾಳೆ (ಈ ಅಂಕಣ ಓದುತ್ತಾಳೆ ಕೂಡ). ನಾನು ಹೆಣ್ಣು ಕೇಳಿಯೇ ಇರಲಿಲ್ಲ. ಆದರೂ ಬೇಡ ಅನ್ನಿಸಿಕೊಂಡರೆ ಸಿಟ್ಟು ಬರುವುದಿಲ್ಲವೇ?

ಆಗಿದ್ದಿಷ್ಟು. ನಾನು ಪಾಠ ಮಾಡುವ ಶಹಾಪುರದ ಡಿಗ್ರಿ ಕಾಲೇಜಿಗೆ ಗ್ರೇಡ್ ಕೊಡುವ ಕಮಿಟಿ ಬರುತ್ತದಂತೆ. ಪಾಸಾಗಿ ಹೋದವರೆಲ್ಲ ಈಗ ಏನು ಮಾಡುತ್ತಿದ್ದಾರೆ, ನೌಕರಿಯೋ ಮುಂದಿನ ಓದೋ, ಫೋನ್ ಹಚ್ಚಿ ಕೇಳಿ ಫಾರ್ಮ್ ತುಂಬುವ ಕೆಲಸ ನನ್ನ ಕೊರಳಿಗೆ ಬಿತ್ತು.

ಮೊದಲ ಹತ್ತು ಫೋನಿಗೆ ಹೆಸರು, ಕಾಲೇಜು ಎಲ್ಲ ಹೇಳಿದೆ. ಆಮೇಲೆ ಗಂಟಲು ಒಣಗಿ ನೇರ ವಿಷಯಕ್ಕೇ ಇಳಿದೆ. ಅದೇ ತಪ್ಪಾಯಿತು. ನಮ್ಮ ಕಡೆ ಗುರುತಿಲ್ಲದವರು ಫೋನ್ ಮಾಡಿ "ನಿಮ್ಮ ಮಗಳು ಡಿಗ್ರಿ ಮುಗಿಸ್ಯಾಳಲ್ರಿ, ಈಗೇನ್ ಮಾಡ್ತಾಳ?" ಅಂದರೆ ಅವರು ಗಂಡಿನ ಕಡೆಯವರೇ!

ನಮ್ಮಲ್ಲಿ ಓದಿ ಹೋದ ದೇವಾಪುರದ ಸುಜಾತಾಳ ಅಪ್ಪ ಭೀಮರಾಯರ ದನಿ ಈ ಪ್ರಶ್ನೆಗೆ ಒಮ್ಮೆಲೇ ಮೆತ್ತಗಾಯಿತು. "ಮನ್ಯಾಗೇ ಅದಾಳ್ರಿ. ತಮ್ಮದು ಯಾವ ಊರ್ರಿ?"

"ಶಹಾಪುರ್ರಿ."

"ಹೊಲ ಎಷ್ಟದರಿ?"

ಸುಮ್ಮನೆ ಮಾತಿಗೆ ಕೇಳುತ್ತಿದ್ದಾರೆ ಅಂದುಕೊಂಡೆ. "ನಾಲ್ಕೆಕರೆ ಅದರಿ. ಕಾಲುವಿ ಕಡೀ ತುದಿ, ಟೇಲೆಂಡಿಗಿ. ನೀರು ಮುಟ್ಟೋದೇ ಅಪರೂಪ್ರಿ."

"ಹಂಗಾದ್ರ ಬ್ಯಾಡ ಬಿಡ್ರಿ. ನಾವು ನೀರಿದ್ದಲ್ಲೇ ಹೆಣ್ಣು ಕೊಡಾವ್ರು." ಫೋನ್ ಕಟ್.

ಸ್ವಲ್ಪ ಹೊತ್ತಿಗೆ ಅದೇ ನಂಬರಿನಿಂದ ಸುಜಾತಾ. "ಸರ್, ಸ್ಪೀಕರಿನ್ಯಾಗ ನಿಮ್ಮ ದನಿ ಗುರುತು ಹಿಡದೆ. ಅಪ್ಪ ಹೊರಗ ಹೋಗ್ಯಾನ. ಕಲಬುರಗಿಯಾಗ ಎಂ.ಎಸ್ಸಿ. ಸೀಟ್ ಸಿಕ್ಕದ್ರಿ, ಸೋಮವಾರ ಕಡೀ ದಿನ. ಹೆಚ್ಚಿಗಿ ಕಲತ್ರ ಗಂಡು ಸಿಗಂಗಿಲ್ಲ ಅಂತಾನ."

"ನಾ ಬಂದು ತಿಳಿಸಿ ಹೇಳ್ಲೇನವ್ವಾ?"

"ತಿಳಿಸಿ ಹೇಳಾವ್ರು ಭಾಳ ಮಂದಿ ಆಗ್ಯಾರ್ರಿ. ನೀವು ಇನ್ನೊಂದು ಮನಿಯವ್ರ ಕಡಿಂದ ಹೆಣ್ಣು ಕೇಳಸ್ರಿ ಸರ್. ಎಂ.ಎಸ್ಸಿ. ಕಲತಾಕೀನೇ ಬೇಕು ಅನ್ಸ್ರಿ."

ನನ್ನ ಗಣಿತದ ಕ್ಲಾಸಿನಲ್ಲಿ ನನ್ನ ತಪ್ಪು ಹಿಡಿದ ಒಬ್ಬಳೇ ಹುಡುಗಿ ಆಕೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ನಾನು ಬೇಕೋ ಬೇಡವೋ ಅನ್ನುವಷ್ಟರಲ್ಲಿ ಆಕೆ ತನ್ನ ಫೋನ್ ಎತ್ತಿಕೊಂಡು ಭೀಮರಾಯರ ಜೊತೆ ಮಾತು ಶುರು ಹಚ್ಚಿದಳು.

"ಅಣ್ಣಾರ, ನಮ್ಮ ಹುಡುಗ ಎಂ.ಎಸ್ಸಿ. ಮಾಡಿದಾಕಿ ಬಿಟ್ಟು ಬ್ಯಾರೆ ನೋಡಂಗೇ ಇಲ್ಲ ಅಂತಾನ್ರಿ. ಹೊಲಾನ್ರಿ? ಕಾಲುವಿ ದಂಡಿಗೇ ಅದರಿ, ಮೊದಲ್ನೇ ತೂಬು ನಮ್ದೇ. ಎರಡು ವರ್ಷ ಕಾಯ್ತೀವ್ರಿ." (ನಮಗಿರುವುದು ಇಬ್ಬರು ಹೆಣ್ಣುಮಕ್ಕಳು.)

ಸೋಮವಾರ ಭೀಮರಾಯರು ತಾವೇ ಬಸ್ಸು ಹತ್ತಿ ಮಗಳನ್ನು ಕಲಬುರಗಿಗೆ ಕರೆದೊಯ್ದು ಅಡ್ಮಿಶನ್ ಮಾಡಿಸಿದರು. ರಸೀದಿಯ ಫೋಟೋ ನನ್ನ ಮೊಬೈಲಿಗೆ ಬಂತು. ನನಗಾದ ಖುಷಿ ಅಷ್ಟಿಷ್ಟಲ್ಲ. "ಮುಂದಿನ ಓದು" ಅನ್ನುವಲ್ಲಿ ದೊಡ್ಡದಾಗಿ ಟಿಕ್ ಹಾಕಿದೆ.

ಈಗ ಭೀಮರಾಯರು ದಿನಾ ನನ್ನ ಹೆಂಡತಿಗೆ ಫೋನ್ ಮಾಡಿ ಹುಡುಗನ ಆರಾಮು ಕೇಳುತ್ತಾರೆ. ಇಲ್ಲದ ಹುಡುಗನಿಗೆ ನೆಗಡಿಯಾಗಿದೆ ಅಂದಿದ್ದಾಳೆ. ಕಷಾಯ ಹೇಗೆ ಮಾಡಬೇಕು ಅಂತ ಅವರೇ ಹೇಳಿಕೊಟ್ಟರಂತೆ.

ಅದನ್ನಾದರೂ ಆಕೆ ಸಂಭಾಳಿಸುತ್ತಾಳೆ. ನನ್ನ ಫಜೀತಿ ಬೇರೆ. ಒಂದು ಕಾಲಮ್ ಖಾಲಿ ಬಿಟ್ಟಿದ್ದೀರಿ ಅಂತ ಪ್ರಿನ್ಸಿಪಾಲರು ಫಾರ್ಮ್ ವಾಪಸ್ ಕಳಿಸಿದ್ದಾರೆ: "ವಿದ್ಯಾರ್ಥಿನಿಯ ಉನ್ನತ ವ್ಯಾಸಂಗಕ್ಕಾಗಿ ಕಾಲೇಜು ಕೈಗೊಂಡ ಕ್ರಮ."

ಏನಂತ ಬರೀಲಿ, ನೀವೇ ಹೇಳ್ರಿ?