ಖಾಲಿ ಗಾಡಿಯ ಲೆಕ್ಕ

ಬೆಳಗಾವಿಯ ಆಟೋ ನಗರದ ಗ್ಯಾರೇಜಿನಲ್ಲಿ ನಾನು ಬ್ರೇಕ್ ಕೆಲಸ ಮಾಡುತ್ತೇನೆ. ಓದಿದ್ದು ಒಂಬತ್ತನೇ ತನಕ, ಅದೂ ಪೂರ್ತಿ ಅಲ್ಲ. ನನ್ನ ಗೆಳೆಯ ಜಾಂಬೋಟಿಯಿಂದ ಬೆಳಗಾವಿಗೆ ಟೆಂಪೋದಲ್ಲಿ ಭತ್ತ ತರುತ್ತಿದ್ದ. ಹೋದ ಸುಗ್ಗಿಯಲ್ಲಿ, ಚೀಲ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸು ಹೋಗುವಾಗ, ತಿರುವಿನಲ್ಲಿ ಮರಕ್ಕೆ ಹೊಡೆದು ಸತ್ತ. ಅದಕ್ಕೆ ಸ್ವಲ್ಪ ಮುಂಚೆ ಆ ಗಾಡಿಯ ಬ್ರೇಕ್ ಮಾಡಿದವನು ನಾನು.

ಮಣ್ಣು ಕೊಟ್ಟು ಬಂದ ದಿನ ಅವನ ಹೆಂಡತಿ, ನಾನು ಅತ್ತಿಗೆ ಎಂಬಂತೆ ವೈನಿ ಎಂದು ಕರೆಯುವವರು, ಒಂದೇ ಮಾತು ಕೇಳಿದರು.

"ಬ್ರೇಕ್ ಬರೋಬರಿ ಮಾಡಿದ್ದೇನೋ ತಮ್ಮಾ?"

"ಮಾಡಿದ್ನಿ ವೈನಿ."

ಅವರು ನಂಬಲಿಲ್ಲ. ನಮ್ಮ ಕಡೆ ಡ್ರೈವರುಗಳ ರೂಢಿ ಹೀಗೆ: ಮಾಲು ತುಂಬಿದರೆ ಹುಷಾರು, ಇಳಿಸಿದ ಮೇಲೆ ಜೋರು. ಖಾಲಿ ಗಾಡಿಗೆ ಯಾರೂ ಹೆದರುವುದಿಲ್ಲ. ಖಾಲಿ ಗಾಡಿ ನಿಲ್ಲಲಿಲ್ಲ ಎಂದರೆ ಬ್ರೇಕಿನದೇ ತಪ್ಪು ಎಂದು ಎಲ್ಲರೂ ಅಂದರು. ನನಗೂ ಹಾಗೇ ಅನ್ನಿಸಿತು.

ರಜೆ ಇದ್ದಾಗ ಖಾನಾಪುರಕ್ಕೆ, ಅವರ ಮನೆಗೆ ಹೋಗುತ್ತೇನೆ. ವೈನಿ ಚಹಾ ಕೊಡುತ್ತಾರೆ, ಮುಖ ನೋಡುವುದಿಲ್ಲ. ಒಮ್ಮೆ ಹೋದಾಗ ಒಂಬತ್ತನೇ ಓದುವ ಮಗಳು ಚಲನ ಶಕ್ತಿಯ ಲೆಕ್ಕ ಹಿಡಿದು ಕೂತಿದ್ದಳು.

"ಕಾಕಾ, ಇದು ಬರ್ತೈತೇನ್ರಿ ನಿಮಗ?"

"ಬಂದಿದ್ರ ಸಾಲಿ ಯಾಕ ಬಿಡ್ತಿದ್ನಿ? ನೀನ ಹೇಳ."

ಓಡುವ ವಸ್ತುವಿನಲ್ಲಿ ಇರುವ ಶಕ್ತಿ ಅದು ಎಂದಳು. ತೂಕವನ್ನು ವೇಗದಿಂದ ಗುಣಿಸಬೇಕು, ಮತ್ತೊಮ್ಮೆ ವೇಗದಿಂದಲೇ ಗುಣಿಸಿ ಅರ್ಧ ಮಾಡಬೇಕು.

"ವೇಗ ಎರಡ ಸಲ ಯಾಕ?"

"ತೂಕ ಡಬಲ್ ಆದ್ರ ಶಕ್ತಿ ಡಬಲ್. ವೇಗ ಡಬಲ್ ಆದ್ರ ನಾಕ್ ಪಟ್ಟು. ತಡೀರಿ, ಅಪ್ಪನ ಗಾಡಿ ತಗೊಂಡ ಮಾಡ್ತೀನಿ. ತೂಕ ಎಷ್ಟರಿ?"

"ಖಾಲಿ ಒಂದ ಟನ್. ಭತ್ತ ತುಂಬಿದ್ರ ಎರಡ."

ವೇಗ ಅವಳಿಗೇ ಗೊತ್ತಿತ್ತು. ಅಪ್ಪನ ಬಾಜು ಕೂತು ಮೀಟರಿನ ಮುಳ್ಳು ನೋಡಿದವಳು. ತುಂಬಿದಾಗ ಗಂಟೆಗೆ ಮೂವತ್ತಾರು ಕಿಲೋಮೀಟರ್, ಖಾಲಿ ಇದ್ದಾಗ ಎಪ್ಪತ್ತೆರಡು ಎಂದು ಹಿಡಿದಳು. ಅಂದರೆ ಸೆಕೆಂಡಿಗೆ ಹತ್ತು ಮೀಟರ್, ಇಪ್ಪತ್ತು ಮೀಟರ್. ತುಂಬಿದ ಗಾಡಿಗೆ ಒಂದು ಲಕ್ಷ ಜೂಲ್ ಬಂತು. ಖಾಲಿ ಗಾಡಿಗೆ ಎರಡು ಲಕ್ಷ. ತಪ್ಪಿರಬೇಕು ಎಂದು ಮತ್ತೆ ಮಾಡಿದಳು. ಎರಡೇ ಲಕ್ಷ.

ಗಾಡಿ ನಿಲ್ಲಬೇಕಾದರೆ ಅಷ್ಟನ್ನೂ ಬ್ರೇಕ್ ತಿನ್ನಬೇಕು. ಅದು ನನಗೆ ಗೊತ್ತು, ಬಿಸಿಗೆ ನೀಲಿ ತಿರುಗಿದ ಬ್ರೇಕ್ ಡ್ರಮ್ ದಿನಾ ಬಿಚ್ಚುತ್ತೇನೆ. ಬ್ರೇಕ್ ಎಷ್ಟೇ ಸರಿ ಇದ್ದರೂ ಆ ವೇಗಕ್ಕೆ ಆ ತಿರುವಿನಲ್ಲಿ ಗಾಡಿ ನಿಲ್ಲುತ್ತಿರಲಿಲ್ಲ.

ಪೆನ್ಸಿಲ್ ನಿಂತಿತು. ಅವಳಿಗೂ ತಿಳಿಯಿತು.

"ಲೆಕ್ಕ ಬಂತೇನ?" ಒಳಗಿನಿಂದ ವೈನಿ ಕೇಳಿದರು.

ಹುಡುಗಿ ನನ್ನ ಮುಖ ನೋಡಿದಳು. ನಾನು ಹೇಳಬಹುದಿತ್ತು. ಹೇಳಿದರೆ ನನ್ನ ಮೇಲಿನ ತಪ್ಪು ಸತ್ತವನ ಮೇಲೆ ಹೋಗುತ್ತದೆ. ಬೇಡ ಎಂದು ತಲೆ ಅಲ್ಲಾಡಿಸಿದೆ.

"ಬಂತವ್ವಾ" ಎಂದಳು, ಅಷ್ಟೇ.

ಬಸ್ ಸ್ಟ್ಯಾಂಡ್ ತನಕ ಜೊತೆಗೆ ಬಂದಳು.

"ಅವ್ವಗ ನಾನ ಹೇಳ್ತೀನ್ರಿ ಕಾಕಾ. ಇವತ್ತ ಬ್ಯಾಡ."

"ಅಂವ ನಿಮ್ಮಪ್ಪ. ಹೇಳೂದು ಬಿಡೂದು ನಿಂದು."

ಈಗ ಗಾಡಿ ಚಾವಿ ಕೊಡುವಾಗ, ಖಾಲಿ ಇದ್ದಾಗ ನಿಧಾನ ಹೋಗು ಎಂದು ಡ್ರೈವರುಗಳಿಗೆ ಹೇಳುತ್ತೇನೆ. "ಮಾಸ್ತರ ಆದೇನಲೇ" ಎಂದು ನಗುತ್ತಾರೆ. ನಗಲಿ.

ವೈನಿ ಇನ್ನೂ ನನ್ನ ಮುಖ ನೋಡುವುದಿಲ್ಲ. ಮಗಳು ಇನ್ನೂ ಹೇಳಿಲ್ಲ ಎಂದು ಅದರಿಂದಲೇ ಗೊತ್ತಾಗುತ್ತದೆ. ನಾನು ಕೇಳಿಲ್ಲ.