ಪೆಂಡಾಲಿನವನು ಕಂಡ ಮೋಡ

ಯುಗಾದಿ ಮುಗಿದು ಮೃಗಶಿರಾ ಮಳೆ ಕೂಡುವವರೆಗೆ ನಾನು ಯಾವ ಆಕಾಶವನ್ನೂ ನಂಬುವುದಿಲ್ಲ. ಮೋಡವಿದ್ದರೆ ಅರ್ಧ ಸಂಶಯ, ಇಲ್ಲದಿದ್ದರೆ ಪೂರ್ತಿ ಸಂಶಯ. ಮಧ್ಯಾಹ್ನ ಎರಡರ ಹೊತ್ತಿಗೆ ಬೇವಿನ ಎಲೆ ಅಲುಗದೆ ನಿಂತಿತೆಂದರೆ ಮೇಲೆ ಏನೋ ಹೊಂಚು ನಡೆದಿದೆ ಎಂದೇ ತಿಳಿಯುತ್ತೇನೆ. ಈಗ ಮೊಬೈಲಿನಲ್ಲಿ ರಾಡಾರ್ ಚಿತ್ರ ಸಿಗುತ್ತದೆ. ಅದನ್ನು ದಿನಕ್ಕೆ ಹತ್ತು ಸಲ ನೋಡುತ್ತೇನೆ, ಹತ್ತು ಸಲವೂ ನಂಬದೆ ಹೊರಗೆ ಬಂದು ತಲೆಯೆತ್ತುತ್ತೇನೆ.

ಈ ಚಟ ಹತ್ತಿದ್ದು ಬೆಲ್ಲದ ಬಾಗೇವಾಡಿಯಲ್ಲಿ, ಶಾಲೆಗೆ ಹೋಗುವ ವಯಸ್ಸಿನಲ್ಲಿ. ಗುಡುಗು ಆಣೆಕಲ್ಲು ಶುರುವಾದರೆ ನಮ್ಮಜ್ಜಿ ಕಬ್ಬಿಣದ ಹಾರೆಯನ್ನು ಅಂಗಳಕ್ಕೆ ಎಸೆದು, ‘ಅರ್ಜುನಾ, ಫಲ್ಗುಣಾ’ ಎಂದು ಕೂಗುತ್ತಿದ್ದಳು. ಓಣಿಯೆಲ್ಲ ಒಳಗೆ ಓಡಿದರೆ ನಾನು ಹೊರಗೆ ಓಡುತ್ತಿದ್ದೆ. ಅವ್ವ ಕಿವಿ ಹಿಂಡಿ ಎಳೆದುಕೊಂಡು ಬಂದರೂ ಕಿಟಕಿ ಬಿಡುತ್ತಿರಲಿಲ್ಲ. ಮೋಡ ಎಲ್ಲಿ ಎದ್ದಿತು, ಎತ್ತ ವಾಲಿತು, ತಣ್ಣನೆಯ ಗಾಳಿ ಮೊದಲು ಬಂದದ್ದು ಯಾವ ಕಡೆಯಿಂದ, ಇಷ್ಟು ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ.

ಇಂಥವನು ದೊಡ್ಡವನಾಗಿ ಹಿಡಿದದ್ದು ಗಾಳಿಗೆ ಹೆದರುವ ಧಂದೆಯನ್ನೇ. ಹುಕ್ಕೇರಿಯಲ್ಲಿದ್ದುಕೊಂಡು ಸುತ್ತಲಿನ ಊರುಗಳ ಮದುವೆಗಳಿಗೆ ಪೆಂಡಾಲು ಹಾಕುತ್ತೇನೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ರಾಶಿ ಮಾಡುವವನಿಗೆ ಸರಿ. ನಮ್ಮ ಬಟ್ಟೆಯೊಳಗೆ ಬಿರುಗಾಳಿ ಹೊಕ್ಕರೆ ಕಬ್ಬಿಣದ ಪೈಪುಗಳ ಸಮೇತ ಪೆಂಡಾಲು ಮೇಲೆದ್ದು, ಕೂತವರ ತಲೆಯ ಮೇಲೆಯೇ ಬೀಳುತ್ತದೆ. ಗೋಕಾಕಿನ ಹತ್ತಿರ ಬೇರೊಬ್ಬರು ಹಾಕಿದ ಪೆಂಡಾಲು ಹೀಗೆ ಬಿದ್ದು, ಒಬ್ಬ ಹೆಣ್ಣುಮಗಳ ಹೆಗಲೆಲುಬು ಮುರಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವಳ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ಇಷ್ಟೆಲ್ಲ ಗೊತ್ತಿದ್ದೂ ಕೆಲವು ವರ್ಷಗಳ ಹಿಂದೆ ನಾನೊಂದು ಹಲ್ಕಾ ಕೆಲಸ ಮಾಡಿದೆ. ಆಸೆಬುರುಕತನದಿಂದ ಒಂದೇ ದಿನಕ್ಕೆ ಎರಡು ಮದುವೆ ಹಿಡಿದಿದ್ದೆ, ಹಗಲಿಗೆ ಮೂಡಲಗಿಯಲ್ಲಿ, ಸಂಜೆಗೆ ಕಲ್ಲೋಳಿಯಲ್ಲಿ. ಇದ್ದದ್ದು ಒಂದೇ ಬಟ್ಟೆ. ಮೂಡಲಗಿಯಲ್ಲಿ ಊಟದ ಪಂಕ್ತಿ ಮುಗಿಯುವ ಲಕ್ಷಣ ಕಾಣಲಿಲ್ಲ. ನಾನು ಹೆಣ್ಣಿನ ತಂದೆಯನ್ನು ಬದಿಗೆ ಕರೆದು, ಗೋಕಾಕಿನ ಕಡೆ ಮೋಡ ಕಟ್ಟಿದೆ, ಅರ್ಧ ತಾಸಿನಲ್ಲಿ ಬಿರುಗಾಳಿ ಬರುತ್ತದೆ ಎಂದೆ. ಮೋಡದ ಬುಡ ಎಷ್ಟು ಕಪ್ಪಗಿದೆ, ತಲೆ ಹೇಗೆ ಹರಡಿದೆ ಎಂದು ಕೈಯಾಡಿಸಿ ವರ್ಣಿಸಿದೆ. ಪಾಪ, ಅವರು ಕೈಮುಗಿದು ಬಟ್ಟೆ ಬಿಚ್ಚಿಸಿದರು. ಸುಡುವ ಬಿಸಿಲಿನಲ್ಲಿ ಒಬ್ಬ ಮುದುಕಿ ತಲೆಯ ಮೇಲೆ ಸೆರಗು ಹೊದ್ದು ಹುಗ್ಗಿ ಉಣ್ಣುತ್ತ, ನಡುನಡುವೆ ಕತ್ತೆತ್ತಿ ನಾನು ಹೇಳಿದ ಮೋಡವನ್ನು ಹುಡುಕುತ್ತಿದ್ದಳು.

ಆ ಮದುವೆಯಲ್ಲಿ ಉಂಡವರಲ್ಲಿ ಯಾರೋ ಸಂಜೆ ಕಲ್ಲೋಳಿಯ ಮದುವೆಗೂ ಬಂದಿದ್ದರು. ಹಳದಿ ಬಟ್ಟೆಯಲ್ಲಿ ಇಲಿ ಕಡಿದ ತೂತಿಗೆ ನನ್ನ ಹೆಂಡತಿ ಹಸಿರು ತೇಪೆ ಹಾಕಿದ್ದಳು. ಅದರಿಂದ ಗುರುತು ಹತ್ತಿತು. ಸುದ್ದಿ ನಮ್ಮ ಓಣಿಗೆ ಬಂದಾಗ ಇವಳು ನಳದ ಹತ್ತಿರ ನಿಂತು ನನ್ನ ಪರವಾಗಿ ಜಗಳಾಡಿದ್ದಳಂತೆ: “ನಮ್ಮನಿಯವರು ಬ್ಯಾರೆ ಏನರ ಸುಳ್ಳ ಹೇಳಬಹುದು, ಮೋಡದ ಸುಳ್ಳ ಹೇಳಾಂಗಿಲ್ಲ!” ಮನೆಗೆ ಬಂದು ನನ್ನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಅವಳು ಕೇಳುವ ಮೊದಲೇ ತೊದಲತೊಡಗಿದೆ. ಅವಳು ಬೈಯಲಿಲ್ಲ. ಎಂಟು ದಿನ ಮಾತು ಬಿಟ್ಟಳು.

ಅಲ್ಲಿಂದ ಮುಂದೆ ‘ಅಂವನ ಮೋಡಕ್ಕ ಇನ್ನೊಂದು ಮದುವಿ ಇರತೈತಿ’ ಎಂಬ ಮಾತು ನನಗಿಂತ ಮೊದಲೇ ಊರೂರಿಗೆ ಹೋಗತೊಡಗಿತು. ನಾನು ಮತ್ತೆಂದೂ ಒಂದೇ ದಿನ ಎರಡು ಕೆಲಸ ಹಿಡಿಯಲಿಲ್ಲ. ಆದರೆ ಇದನ್ನು ಯಾರಿಗೆಂದು ಹೇಳುವುದು?

ಹೋದ ವರ್ಷ ಬೇಸಿಗೆಯಲ್ಲಿ ಯಮಕನಮರಡಿಯ ಶಾಲೆಯ ಬಯಲಿನಲ್ಲಿ ಒಂದು ಮದುವೆ. ಅಕ್ಷತೆ ಮುಗಿದು ಎರಡನೇ ಪಂಕ್ತಿ ಕೂತಿತ್ತು, ಹೆಚ್ಚಿನವರು ಹೆಂಗಸರು ಮಕ್ಕಳು. ಬೆಳಗಾವಿಯ ಕಡೆ ಎದ್ದ ಮೋಡವನ್ನು ಒಂದು ತಾಸಿನಿಂದ ನೋಡುತ್ತಲೇ ಇದ್ದೆ. ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತು. ಬುಡದಲ್ಲಿ ಕಪ್ಪು ಪಟ್ಟಿಯೊಂದು ಮೂಡಿ ನಮ್ಮ ಕಡೆಗೇ ಸರಿಯತೊಡಗಿತು. ಬೆಳಗಿನಿಂದ ಬೀಸುತ್ತಿದ್ದ ಬಿಸಿಗಾಳಿ ಗಕ್ಕನೆ ನಿಂತಿತು.

ಹೆಣ್ಣಿನ ತಂದೆಯ ಹತ್ತಿರ ಓಡಿದೆ. “ಕಾಕಾರ, ದೊಡ್ಡ ಗಾಳಿ ಬರಾಕತ್ತೈತ್ರಿ. ಮಂದೀನ ಸಾಲಿಯೊಳಗ ಕಳಸ್ರಿ, ನಾವು ಬಟ್ಟಿ ಇಳಸ್ತೇವಿ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಂಗೇನು? ಇವತ್ತ ಎರಡನೇ ಮದುವಿ ಯಾವ ಊರಾಗ ಹಿಡದೀ ತಮ್ಮಾ?”

ಸುತ್ತ ಇದ್ದವರು ನಕ್ಕರು. ನಾನು ಆಣೆ ಮಾಡಿದೆ, ಮೋಡದ ಕಡೆ ಕೈಮಾಡಿ ತೋರಿಸಿದೆ. ಪೆಂಡಾಲಿನ ಒಳಗಿನಿಂದ ಅದು ಕಾಣುವಂತಿರಲಿಲ್ಲ, ಎದ್ದು ಹೊರಗೆ ಬಂದು ನೋಡುವ ಮನಸ್ಸು ಯಾರಿಗೂ ಇರಲಿಲ್ಲ. ಕೊನೆಗೆ ನಮ್ಮ ಟೆಂಪೋ ನಡೆಸುವ, ನನ್ನ ಚಿಕ್ಕಪ್ಪನ ಮಗನಿಗೆ ಹಗ್ಗ ಕೊಯ್ಯಲು ಹೇಳಿದೆ. ಅವನು ಕುಡುಗೋಲು ಹಿಡಿದು ನಿಂತ. “ಅಣ್ಣಾ, ಖರೇನ?” ಎಂದ. ಬೆಳಗಿನಿಂದ ನನ್ನ ಜೊತೆಗೇ ಇದ್ದವನು, ಅವನೂ ಕೇಳಿದ.

ನಾನೇ ಕುಡುಗೋಲು ಕಸಿದುಕೊಂಡು, “ಎಲ್ಲಾರೂ ಎದ್ದ ಹೊರಗ ಬರ್ರಿ!” ಎಂದು ಕಿರುಚುತ್ತ ಹಗ್ಗ ಕೊಯ್ದೆ. ಒಂದು ಬದಿಯ ಬಟ್ಟೆ ಜೋಲಿತು. ಆಗ ಜನ ಎದ್ದರು, ತಾಟುಗಳು ಉರುಳಿದವು, ಮಕ್ಕಳು ಅತ್ತವು. ಹತ್ತು ನಿಮಿಷದಲ್ಲಿ ಬಟ್ಟೆಯೆಲ್ಲ ನೆಲಕ್ಕೆ ಬಂತು. ಎಲ್ಲರೂ ಬಿಸಿಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಮೋಡವನ್ನು ನೋಡುತ್ತಿದ್ದೆ.

ಬಿಸಿಲು ಕಂದಿತು. ತಣ್ಣನೆಯ ಗಾಳಿ ಒಮ್ಮೆ ನುಗ್ಗಿ ಧೂಳೆಬ್ಬಿಸಿ, ಕಾಗದದ ಲೋಟಗಳನ್ನು ರಸ್ತೆಯವರೆಗೆ ಅಟ್ಟಿಸಿಕೊಂಡು ಹೋಯಿತು. ನಾಲ್ಕು ದಪ್ಪ ಹನಿ ಬಿದ್ದವು. ಬಾ, ಬಾ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಯಾರಿಗೂ ಏನೂ ಆಗದಿರಲಿ ಎಂದು ಹಗ್ಗ ಕೊಯ್ದವನು, ಬಿರುಗಾಳಿ ಬರಲಿ ಎಂದು ಬೇಡುತ್ತಿದ್ದೆ! ಅದು ಬರಲಿಲ್ಲ. ಮೋಡ ಮಗ್ಗುಲು ಬದಲಿಸಿ ಹಿಡಕಲ್ ಜಲಾಶಯದ ಕಡೆಗೆ ಹೋಯಿತು, ನಮ್ಮ ಮೇಲೆ ಮತ್ತೆ ಬಿಸಿಲು ಬಿತ್ತು.

ಹೆಣ್ಣಿನ ತಂದೆ ಹತ್ತಿರ ಬಂದರು. “ಬಂತಲ್ಲಪಾ ನಿನ್ನ ಮಳಿ. ಕೈ ತೊಳಕೊಳ್ಳಾಕೂ ಸಾಲಲಿಲ್ಲ,” ಎಂದರು. ಹೊಡೆದಿದ್ದರೆ ಚೆನ್ನಾಗಿತ್ತು.

ತಿರುಗಿ ಬರುವಾಗ ಜಲಾಶಯದ ದಂಡೆಯಲ್ಲಿ ಟೆಂಪೋ ನಿಲ್ಲಿಸಲು ಹೇಳಿದೆ. ದೂರದಲ್ಲಿ ನೀರಿನ ಮೇಲೆ ಬೂದು ಬಣ್ಣದ ಮಳೆ ಸುರಿಯುತ್ತಿತ್ತು, ಅದರೊಳಗೆ ಮಿಂಚು ಆಡುತ್ತಿತ್ತು. ಹೊಲದಲ್ಲಿ ಬಿದ್ದಿದ್ದರೆ ಮುರಿದ ಗಿಡವಾದರೂ ಇರುತ್ತಿತ್ತು. ನೀರಿನ ಮೇಲೆ ಬಿದ್ದ ಮಳೆಗೆ ಸಾಕ್ಷಿ ಎಲ್ಲಿಂದ ತರುವುದು? ಫೋಟೊ ತೆಗೆದೆ, ಅದರಲ್ಲಿ ಮಸಿ ಅರಿವೆ ಒಣಹಾಕಿದಂತೆ ಏನೋ ಕಂಡಿತು ಅಷ್ಟೆ. ಆಗ ನನಗೆ ನನ್ನ ಮೇಲೆಯೇ ಸಂಶಯ ಬಂತು. ಮೂಡಲಗಿಯಲ್ಲಿ ಸುಳ್ಳು ಹೇಳಿದ ದಿನವೂ ಮೋಡ ನನ್ನ ಕಣ್ಣಿಗೆ ಇಷ್ಟೇ ಸ್ಪಷ್ಟವಾಗಿ ಕಟ್ಟಿತ್ತಲ್ಲ.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. ಫೋಟೊ ತೋರಿಸಿದೆ, ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ನೋಡಿದಳು. ಆಮೇಲೆ, “ಮಂದಿ ಏನರ ಅನ್ನಲಿ ಬಿಡ್ರಿ. ನನಗ ಗೊತ್ತೈತಿ, ಈ ಸಲ ನೀವು ಸುಳ್ಳ ಹೇಳಿಲ್ಲ,” ಎಂದಳು. ನನ್ನ ಕಣ್ಣು ತುಂಬಿ ಬಂತು. ಅವಳೊಬ್ಬಳು ನಂಬಿದರೆ ಉಳಿದವರು ಹಾಳಾಗಿ ಹೋಗಲಿ ಅನ್ನಿಸಿತು. ಅಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಮರುದಿನ ಗೋದಾಮಿನಲ್ಲಿ ಟೆಂಪೋ ನಡೆಸುವ ತಮ್ಮನ ಜೊತೆ ಬಟ್ಟೆ ಮಡಚುತ್ತಿದ್ದೆ. ಅವನು ಆ ಕಡೆಯ ತುದಿ ಹಿಡಿದು, ನನ್ನ ಮುಖ ನೋಡದೆ ಹೇಳಿದ: “ಮುಂಜಾನಿ ನೀ ಜಳಕಕ್ಕ ಹೋದಾಗ ವೈನಿ ಫೋನ್ ಮಾಡಿದ್ರು.”

“ನನ್ನ ಹೇಣ್ತಿ? ಯಾಕ?”

“ನಿನ್ನಿ ಸಂಜಿಕ ಮತ್ತ್ಯಾವ ಊರಾಗರ ಮದುವಿ ಹಿಡದಿದ್ರೇನಂತ ಕೇಳಿದ್ರು.”

“ನೀ ಏನಂದಿ?”

“ಇಲ್ರಿ ವೈನಿ, ದೇವರಾಣಿ ಇಲ್ಲಂದೆ. ‘ಬಿಡಪಾ, ನೀನೂ ಅವರ ಕಡಿಯಾಂವನ’ ಅಂದು ಫೋನ್ ಇಟ್ರು.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೂ ಫೋನ್ ಮಾಡಿ ಕೇಳುತ್ತಿದ್ದೆ, ಇಲ್ಲ ಎಂದರೆ ನಂಬುತ್ತಲೂ ಇರಲಿಲ್ಲ.