ಇಂಟರ್‌ನೆಟ್ಟಿಗೆ ಹೋದ ಅಪ್ಪತ್ತಾಳ ಕೈ

ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಟೀಚರ್ ಒಂದು ಹೊಸ ಕೆಲಸ ಕೊಟ್ಟರು. ಒಬ್ಬೊಬ್ಬರೂ ತಮ್ಮ ಊರಿನ ಬೆಳೆಯ ಬಗ್ಗೆ ಇಂಗ್ಲಿಷಿನಲ್ಲಿ ವರದಿ ಬರೆಯಬೇಕು, ಚೆನ್ನಾಗಿದ್ದರೆ ಅದು ಇಂಟರ್‌ನೆಟ್ಟಿಗೆ ಹೋಗುತ್ತದೆ. ತೊಂಬತ್ತರ ದಶಕದ ಕೊನೆ. ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇತ್ತು, ಅದಕ್ಕೆ ಫೋನ್ ಲೈನ್ ಇರಲಿಲ್ಲ. ಬರೆದದ್ದನ್ನು ಫ್ಲಾಪಿಗೆ ಹಾಕಿಕೊಂಡು ಶನಿವಾರ ತೇನಿಯ ಬ್ರೌಸಿಂಗ್ ಸೆಂಟರಿಗೆ ಹೋಗಬೇಕಿತ್ತು.

ನಾನು ನಮ್ಮ ದ್ರಾಕ್ಷಿತೋಟದ ಬಗ್ಗೆ ಬರೆದೆ. ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಬಸ್ ಇಳಿದು ಕಾಲುವೆ ದಂಡೆ ಹಿಡಿದು ಒಬ್ಬಳೇ ನಡೆದು ಬರುವುದು, ಬೇವಿನ ಮರದ ಪಕ್ಕದ ಹಸಿರು ಗೇಟು, ಎಲ್ಲವನ್ನೂ ಬರೆದೆ. ಲೋಕವೆಲ್ಲ ಓದುವಾಗ ಇದು ನಮ್ಮದೇ ತೋಟ ಎಂದು ತಿಳಿಯಬೇಡವೇ?

ಟೀಚರ್ ಅದನ್ನು ಓದಿ, ನಮ್ಮ ಊರನ್ನು ಕಂಡೇ ಇರದ ಒಬ್ಬ ಸಹಪಾಠಿಯ ಕೈಗೆ ಕೊಟ್ಟರು.

"ಇವಳ ಮನೆ ಹುಡುಕೋದಕ್ಕೆ ಆಗುತ್ತಾ, ಹೇಳು."

ಅವಳು ಓದಿ ನಕ್ಕಳು. "ಸುಲಭ ಟೀಚರ್. ಕಾಲುವೆ ದಾರಿ, ಬೇವಿನ ಮರ, ಹಸಿರು ಗೇಟು. ಸಾಯಂಕಾಲ ದಾರಿಯಲ್ಲಿ ನಿಂತಿದ್ದರೂ ಸಾಕು, ಇವಳೊಬ್ಬಳೇ ಬರ್ತಾಳೆ."

ಅವಳು ತಮಾಷೆಗೇ ಹೇಳಿದ್ದು. ಆದರೆ ನಾನು ಹಾಳೆಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ಟೀಚರ್ ಬೈಯಲಿಲ್ಲ. "ತೋಟ ಇರಲಿ, ದಾರಿ ಬೇಡ," ಎಂದಷ್ಟೇ ಹೇಳಿದರು. ಶಾಲೆಗಳಿಗೆಂದೇ ಮಾಡಿದ ಒಂದು ತಾಣವನ್ನು ಅವರು ಹುಡುಕಿದ್ದರು. ಅಲ್ಲಿ ನಾವು ಹಾಕಿದ ವರದಿ ಮೊದಲು ಅವರೊಬ್ಬರಿಗೇ ಕಾಣುತ್ತಿತ್ತು. ಅವರು ಒಪ್ಪಿ ಗುಂಡಿ ಒತ್ತಿದ ಮೇಲೆಯೇ ಉಳಿದವರಿಗೆ. ಓದಿದವರು ಏನಾದರೂ ಕೇಳಿದರೆ ಅದೂ ಅವರಿಗೇ ಬರುತ್ತಿತ್ತು.

ಹೆಸರು, ದಾರಿ, ಗೇಟು ಹೊಡೆದುಹಾಕಿದ ಮೇಲೆ ನನ್ನ ವರದಿ ಅರ್ಧಕ್ಕರ್ಧ ಖಾಲಿಯಾಯಿತು. ಖಾಲಿ ತುಂಬಿಸಲು ತೋಟಕ್ಕೆ ಹೋಗಿ ಕುಳಿತೆ. ಚಪ್ಪರದ ಕೆಳಗಿನ ಹಸಿರು ಬೆಳಕು, ಬೆಳಿಗ್ಗೆ ಎಲೆಯಿಂದ ಕತ್ತಿನ ಮೇಲೆ ಬೀಳುವ ತಣ್ಣನೆಯ ಹನಿ, ಗೊಂಚಲು ಬುಟ್ಟಿಗೆ ಇಳಿಯುವಾಗಿನ ಮೆತ್ತನೆ ಸದ್ದು: ಇದನ್ನೆಲ್ಲ ನಾನು ಹುಟ್ಟಿದಾಗಿನಿಂದ ಕಂಡಿದ್ದರೂ ಬರೆಯಬಹುದು ಎಂದುಕೊಂಡಿರಲಿಲ್ಲ.

ಫೋಟೋ ತೆಗೆಯಲು ಟೀಚರ್ ತಾವೇ ತೋಟಕ್ಕೆ ಬಂದರು. ಅಪ್ಪನ ತಾಯಿಯನ್ನು ನಾವು ಸುತ್ತಲಿನ ತಮಿಳರಂತೆ ಅಪ್ಪತ್ತಾ ಎನ್ನುತ್ತಿದ್ದೆವು. ಅವಳು ಹಬ್ಬಕ್ಕೆಂದು ಮಡಿಸಿಟ್ಟಿದ್ದ ಚಿನ್ನಾಳಪಟ್ಟಿ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಚಪ್ಪರದ ಕೆಳಗೆ ನಿಂತು ಗೊಂಚಲು ಕತ್ತರಿಸಿದಳು. ಪಕ್ಕದಲ್ಲಿ ನಾನು.

ಮುಂದಿನ ವಾರ ತೇನಿಯಲ್ಲಿ ಪುಟ ತೆರೆದಾಗ ಫೋಟೋ ಮೇಲಿನಿಂದ ಗೆರೆಗೆರೆಯಾಗಿ ಇಳಿಯಿತು. ಮೊದಲು ಎಲೆ, ಆಮೇಲೆ ಗೊಂಚಲು, ಆಮೇಲೆ ಅಪ್ಪತ್ತಾಳ ಕೈ, ಒಂದರಲ್ಲಿ ತೊಟ್ಟು, ಇನ್ನೊಂದರಲ್ಲಿ ಕತ್ತರಿ. ಅಲ್ಲಿಗೆ ಮುಗಿಯಿತು. ಕೆಳಗೆ 'ಒಂಬತ್ತನೇ ತರಗತಿಯ ವಿದ್ಯಾರ್ಥಿನಿ' ಎಂದಿತ್ತು. ಹೆಸರಿಲ್ಲದಿದ್ದರೂ ನನಗೆ ಹೆಮ್ಮೆಯಾಯಿತು. ಅದನ್ನು ಪ್ರಿಂಟ್ ಮಾಡಿಸಿ ಮನೆಗೆ ತಂದೆ.

ಅಪ್ಪತ್ತಾ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದಳು. "ಕೂಸೇ, ಕೈ ಮಟ್ಟು ಐತೆ, ಬರೀ ಕೈ. ನನ್ ಮಕ ಎಲ್ಲೋಯ್ತು?"

"ಯಾರ್ ಬೇಕಾದ್ರೂ ನೋಡ್ತಾರೆ ಅಪ್ಪತ್ತಾ. ಅದ್ಕೇ ಟೀಚರ್ ಮಕ ಹಾಕಿಲ್ಲ."

"ನೋಡ್ಲಿ. ನಾನೇನ್ ವಯಸ್ಸು ಹುಡ್ಗಿಯಾ? ಅಂತಾ ಸೀರೆ ಉಟ್ನಲ್ಲ, ಅದೂ ಇಲ್ಲ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಸೋಮವಾರ ಟೀಚರಿಗೆ ಹೇಳಿದೆ. ಮಕ್ಕಳ ಮುಖ ಮಾತ್ರ ಬೇಡ, ಅಪ್ಪತ್ತಾ ದೊಡ್ಡವರು, ಅವರಿಗೆ ಇಷ್ಟವಿದ್ದರೆ ಅವರೊಬ್ಬರ ಫೋಟೋ ಹಾಕೋಣ ಎಂದರು ಟೀಚರ್. ಮನೆಗೆ ಬಂದು ಕೇಳಿದೆ. ಅಪ್ಪತ್ತಾ ಮೆಲ್ಲುತ್ತಿದ್ದ ಎಲೆ ಅಡಿಕೆಯನ್ನು ದವಡೆಗೆ ಒತ್ತರಿಸಿಕೊಂಡಳು.

"ನನ್ನ ಬುಟ್ಟು ನಿನ್ನ ಕತ್ತರಿಸ್ಬುಡ್ತಾರಾ?"

"ಹೂಂ."

"ಹಂಗಾದ್ರೆ ಬೇಡ. ಅಲ್ಲಿ ಕೈಯೇ ಇರ್ಲಿ. ಇಬ್ರೂ ಇರೋದನ್ನ ಇಲ್ಲಿ ಗೋಡೆಗೆ ಹಾಕು."

ಟೀಚರ್ ಇಡೀ ಫೋಟೋ ಕೊಟ್ಟರು. ಅಪ್ಪ ಕಟ್ಟು ಹಾಕಿಸಿದರು.

ಆಮೇಲೆ ಒಂದು ದಿನ ಬೇರೆ ಯಾವುದೋ ದೇಶದ ಶಾಲೆಯ ಮಕ್ಕಳಿಂದ ಟೀಚರಿಗೆ ಒಂದು ಪ್ರಶ್ನೆ ಬಂತು: ಅಜ್ಜಿ ಹಣ್ಣನ್ನು ಮುಟ್ಟದೆ ತೊಟ್ಟನ್ನೇ ಏಕೆ ಹಿಡಿದಿದ್ದಾರೆ? ನಾನು ಅಪ್ಪತ್ತಾಳನ್ನು ಕೇಳಿದೆ.

"ಹಣ್ಮೇಲೆ ಬೆಳ್ಳಗೆ ಪುಡಿ ಐತಲ್ಲ, ಅದು ಅಳಿಸ್ಬಾರ್ದು. ಅಳಿಸಿದ್ರೆ ಹಣ್ಣು ಹಳೇದು ಅಂತಾರೆ ಸಂತೇಲಿ. ಅವಕ್ಕೆ ಬರಿ. ಒಂದ್ಸಲ ಬಂದು ತಿಂದ್ಬುಟ್ಟು ಹೋಗ್ಲಿ ಅಂತಾನೂ ಬರಿ."

ಆ ಬಿಳಿ ಪುಡಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೂ ಗೊತ್ತಿರಲಿಲ್ಲ, ಟೀಚರಿಗೂ ಹೊಳೆಯಲಿಲ್ಲ. ತೋಚಿದಂತೆ ವಿವರಿಸಿ ಬರೆದೆ. ಬಂದು ತಿನ್ನಿ ಎಂದದ್ದನ್ನೂ ಸೇರಿಸಿದೆ, ಎಲ್ಲಿಗೆ ಎಂದು ಮಾತ್ರ ಬರೆಯಲಿಲ್ಲ. ಶನಿವಾರ ತೇನಿಯಲ್ಲಿ ಟೀಚರ್ ಅದನ್ನು ಓದಿ, ನಕ್ಕು, ಗುಂಡಿ ಒತ್ತಿದರು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಬಿಸಿ ಬಜ್ಜಿ ತಿಂದು ಊರಿನ ಬಸ್ಸು ಹತ್ತಿದೆವು.